ಸ್ಟ್ಯಾಂಡ್ ಮಿಕ್ಸರ್: ಕೊಡಗಿನ ಅಡುಗೆಮನೆಗೆ ಯಾವುದು, ಬಳಸುವುದು ಹೇಗೆ

ಸ್ಟ್ಯಾಂಡ್ ಮಿಕ್ಸರ್ ಎಂದರೆ ಅಡುಗೆ ಕಟ್ಟೆಯ ಮೇಲೆ ತಾನೇ ನಿಂತು, ತನ್ನದೇ ಬೌಲಿನಲ್ಲಿ ಹಿಟ್ಟು ಕಲಸುವ, ನಾದುವ, ಕ್ರೀಮು ಕಡೆಯುವ ಯಂತ್ರ. ಅದರ ಪೆಟ್ಟಿಗೆಯ ಮೇಲೆ ಎಲ್ಲಕ್ಕಿಂತ ದಪ್ಪಕ್ಷರದಲ್ಲಿ ಅಚ್ಚಾಗಿರುವುದು ವ್ಯಾಟ್. ಕೊಳ್ಳುವಾಗ ಎಲ್ಲಕ್ಕಿಂತ ಕಡಿಮೆ ಉಪಯೋಗಕ್ಕೆ ಬರುವುದೂ ಅದೇ. ಯಂತ್ರ ಎಷ್ಟು ಕರೆಂಟ್ ಎಳೆಯುತ್ತದೆ ಎಂಬುದನ್ನಷ್ಟೇ ವ್ಯಾಟ್ ಹೇಳುತ್ತದೆ. ಹಿಟ್ಟಿನೊಳಗೆ ತಿರುಗುವ ಕೊಕ್ಕೆಗೆ ಎಷ್ಟು ಬಲ ತಲುಪುತ್ತದೆ ಎಂಬುದನ್ನಲ್ಲ. ಲೋಹದ ಗೇರ್‌ಗಳಿರುವ, ಹತ್ತು ಕಿಲೋ ತೂಗುವ 300 ವ್ಯಾಟಿನ ಯಂತ್ರ ಬ್ರೆಡ್ ಹಿಟ್ಟನ್ನು ಜಗ್ಗದೆ ನಾದುತ್ತದೆ. ಪ್ಲಾಸ್ಟಿಕ್ ಮೈಯ, ಐದು ಕಿಲೋದ 1,200 ವ್ಯಾಟಿನ ಯಂತ್ರ ಅದೇ ಹಿಟ್ಟಿಗೆ ಅಡುಗೆ ಕಟ್ಟೆಯ ಅಂಚಿನವರೆಗೆ ಕುಣಿದುಕೊಂಡು ಹೋಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಮೊದಲು ಯಂತ್ರವನ್ನು ಎರಡು ಕೈಯಲ್ಲಿ ಎತ್ತಿ ನೋಡಿ. ಸಲೀಸಾಗಿ ಎತ್ತಲು ಬಂದರೆ ಅದು ಕೇಕಿಗೆ ಸಾಕು, ಬ್ರೆಡ್ಡಿಗೆ ಸಾಲದು.

ಅದಕ್ಕೂ ಮೊದಲು, ನಿಮಗೆ ಇದು ಬೇಕೇ? ತಿಂಗಳಿಗೊಂದು ಕೇಕ್, ಕ್ರಿಸ್‌ಮಸ್ಸಿಗೆ ನಾಲ್ಕು ಪ್ಲಮ್ ಕೇಕ್ ಮಾಡುವ ಮನೆಗೆ 300 ವ್ಯಾಟಿನ ಹ್ಯಾಂಡ್ ಮಿಕ್ಸರ್ ಸಾಕು. ಚಪಾತಿ ಹಿಟ್ಟು ಮಾತ್ರ ಕಲಸಬೇಕಿದ್ದರೆ ಮನೆಯ ಗ್ರೈಂಡರ್ ಜೊತೆ ಬಂದ ಹಿಟ್ಟು ಕಲಸುವ ಬಿಡಿಭಾಗವೇ ಆದೀತು. ವಾರಕ್ಕೊಮ್ಮೆಯಾದರೂ ಬ್ರೆಡ್ ಮಾಡುವವರು, ಹೋಮ್‌ಸ್ಟೇಯಲ್ಲಿ ಬೆಳಗಿನ ತಿಂಡಿಗೆ ಬನ್ನು, ಕೇಕ್ ಇಡುವವರು, ಆರ್ಡರ್ ಹಿಡಿದು ಕೇಕ್ ಮಾಡುವವರು ಸ್ಟ್ಯಾಂಡ್ ಮಿಕ್ಸರಿಗೆ ಹಣ ಹಾಕಿದರೆ ದಂಡವಾಗುವುದಿಲ್ಲ.

ಕೊಳ್ಳುವಾಗ

ಬೌಲ್ 4.5ರಿಂದ 5 ಲೀಟರಿನದ್ದಿರಲಿ. ಆರೇಳು ಲೀಟರಿನದ್ದು ನೋಡಲು ಲಾಭವೆನಿಸಿದರೂ ಎರಡು ಮೊಟ್ಟೆಯ ಬಿಳಿಭಾಗವನ್ನೋ 100 ಗ್ರಾಂ ಬೆಣ್ಣೆಯನ್ನೋ ಹಾಕಿದಾಗ ಕಲಸುವ ಭಾಗವಾದ ಬೀಟರ್ ಅದನ್ನು ಮುಟ್ಟದೆ ಮೇಲೆಯೇ ಸುತ್ತುತ್ತದೆ. ಬೌಲ್ ಸ್ಟೀಲಿನದ್ದೇ ಆಗಿರಲಿ, ಹಿಡಿ ಇರಲಿ. ಗಾಜಿನ ಬೌಲ್ ಚೆಂದ, ಆದರೆ ಭಾರ. ಮೇಲಾಗಿ ಚಳಿಗಾಲದಲ್ಲಿ ಬೌಲಿನ ತಳವನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡುವ ಕೆಲಸಕ್ಕೆ ಸ್ಟೀಲಿನಷ್ಟು ಬೇಗ ಒದಗುವುದಿಲ್ಲ.

ಚಲನೆ ಪ್ಲಾನೆಟರಿ ಆಗಿರಬೇಕು. ಅಂದರೆ ಬೀಟರ್ ತನ್ನ ಸುತ್ತ ತಾನು ತಿರುಗುತ್ತಲೇ ಬೌಲಿನ ಸುತ್ತಲೂ ಬರಬೇಕು. 1919ರಲ್ಲಿ ಕಿಚನ್‌ಏಡ್ ಮನೆಬಳಕೆಗೆಂದು ತಂದ ಮೊದಲ ಮಾದರಿಯಲ್ಲೂ ಇದ್ದದ್ದು ಇದೇ. ಇದಕ್ಕಿಂತ ಒಳ್ಳೆಯ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ. ಎರಡು ಬೀಟರ್ ಒಂದೇ ಜಾಗದಲ್ಲಿ ತಿರುಗಿ, ಬೌಲ್ ತಾನೇ ಸುತ್ತುವ ಅಗ್ಗದ ಮಾದರಿಗಳಲ್ಲಿ ಹಿಟ್ಟು ಗಟ್ಟಿಯಾದ ಕೂಡಲೇ ಬೌಲ್ ನಿಂತುಬಿಡುತ್ತದೆ.

ತಳದಲ್ಲಿ ಅಂಟಿಸಿರುವ ಸಣ್ಣ ಪಟ್ಟಿಯನ್ನು ಓದಿ. ಕೆಲವು ಯಂತ್ರಗಳಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕೆ.ಬಿ. ಎಂದು ಬರೆದು ಮುಂದೆ 5 ನಿಮಿಷ, 6 ನಿಮಿಷ ಎಂದಿರುತ್ತದೆ. ಅಷ್ಟು ಹೊತ್ತು ಓಡಿಸಿದ ಮೇಲೆ ಮೋಟಾರು ಆರುವವರೆಗೆ ನಿಲ್ಲಿಸಬೇಕು ಎಂದು ಅದರರ್ಥ. ಎಂಟು ನಿಮಿಷ ನಾದಬೇಕಾದ ಹಿಟ್ಟಿಗೆ ಐದು ನಿಮಿಷದ ಯಂತ್ರ ಕೊಂಡರೆ ಮಧ್ಯೆ ಬಿಡುವು ಕೊಡಲೇಬೇಕು. ಕೊಡದವರ ಯಂತ್ರ ಸುಟ್ಟ ವಾಸನೆ ಹೊಡೆಯುತ್ತದೆ.

ಮೋಟಾರಿರುವ ತಲೆ ಹಿಂದಕ್ಕೆ ಮಗುಚುವ ಮಾದರಿ ಮನೆಗೆ ಸಾಕು. ಅದನ್ನು ಕೊಳ್ಳುವ ಮುಂಚೆ ತಲೆಯನ್ನು ಲಾಕ್ ಮಾಡಿ ಕೈಯಿಂದ ಮೇಲಕ್ಕೆತ್ತಿ ನೋಡಿ. ಖಾಲಿ ಇದ್ದಾಗಲೇ ಕಡಕಡ ಅಲ್ಲಾಡುವ ತಲೆ, ಹಿಟ್ಟು ಹಾಕಿದ ಮೇಲೆ ಪ್ರತಿ ಸುತ್ತಿಗೂ ಎಗರುತ್ತದೆ. ತಲೆಯನ್ನು ಪೂರ್ತಿ ಎತ್ತಿದಾಗ ಮನೆಯ ಮೇಲಿನ ಕಪಾಟಿಗೆ ಬಡಿಯುತ್ತದೆಯೇ ಎಂಬುದನ್ನು ಟೇಪಿನಿಂದ ಅಳೆದುಕೊಂಡೇ ಅಂಗಡಿಗೆ ಹೋಗಿ.

ಸರ್ವಿಸ್ ಬಗ್ಗೆ ಕೇಳದೆ ದುಡ್ಡು ಕೊಡಬೇಡಿ. ಆನ್‌ಲೈನಿನಲ್ಲಿ ಮಡಿಕೇರಿ, ಗೋಣಿಕೊಪ್ಪಲು, ಸೋಮವಾರಪೇಟೆಯ ಪಿನ್‌ಕೋಡಿಗೆ ಯಂತ್ರ ಬರುತ್ತದೆ ಅಂದಮಾತ್ರಕ್ಕೆ ರಿಪೇರಿಯವರೂ ಬರುತ್ತಾರೆ ಎಂದೇನಿಲ್ಲ. ಮೈಸೂರಿಗೋ ಬೆಂಗಳೂರಿಗೋ ನೀವೇ ಹೊತ್ತು ಸಾಗಿಸಬೇಕಾಗಬಹುದು. ಥರ್ಮೋಕೋಲ್ ಸಮೇತ ಪೆಟ್ಟಿಗೆಯನ್ನು ವಾರಂಟಿ ಮುಗಿಯುವವರೆಗೆ ಎತ್ತಿಡಿ. ಗೇರ್, ಬೀಟರ್, ಮೋಟಾರಿನೊಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಬಿಡಿಯಾಗಿ ಸಿಗುತ್ತವೆಯೇ ಎಂದು ಕೇಳಿ. ಈ ಮೂರು ಸಿಗದ ಯಂತ್ರ ಎಷ್ಟು ಅಗ್ಗವಾದರೂ ದುಬಾರಿಯೇ. ಕೆಲವು ಒಳ್ಳೆಯ ಮಾದರಿಗಳಲ್ಲಿ ಒಂದು ಗೇರನ್ನು ಬೇಕೆಂದೇ ಮೆದು ವಸ್ತುವಿನಿಂದ ಮಾಡಿರುತ್ತಾರೆ. ಭಾರ ಮೀರಿದಾಗ ಅದು ಹಲ್ಲು ಮುರಿದುಕೊಂಡು ಮೋಟಾರನ್ನು ಉಳಿಸುತ್ತದೆ. ಅದನ್ನು ಕಳಪೆ ಎಂದು ಬೈಯಬೇಕಿಲ್ಲ. ಹೊಸದು ಸಿಗುತ್ತದೆಯೇ ಎಂದಷ್ಟೇ ನೋಡಿಕೊಳ್ಳಿ.

ಅಮೆರಿಕದಲ್ಲಿರುವ ಮಕ್ಕಳು ಅಲ್ಲಿಂದ ತರುತ್ತೇವೆ ಎಂದರೆ ಬೇಡ ಎನ್ನುವುದೇ ಮೇಲು. ಅಲ್ಲಿಯ ಯಂತ್ರ 120 ವೋಲ್ಟಿನದ್ದು, ನಮ್ಮ ಪ್ಲಗ್ಗಿನಲ್ಲಿ ಬರುವುದು 230. ನೇರ ಹಾಕಿದರೆ ಆ ಕ್ಷಣವೇ ಕತೆ ಮುಗಿಯಿತು. ಯಂತ್ರದ ವ್ಯಾಟಿನ ಒಂದೂವರೆ ಪಟ್ಟಾದರೂ ತಾಳುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದೇ ನಾಲ್ಕೈದು ಕಿಲೋ ತೂಗುತ್ತದೆ. ದುಬೈಯಿಂದ ತಂದದ್ದಾದರೆ ವೋಲ್ಟೇಜಿನ ತೊಂದರೆಯಿಲ್ಲ, ಪ್ಲಗ್ ಮಾತ್ರ ಬದಲಿಸಬೇಕು.

ಕರೆಂಟು, ಮಳೆ, ಗುಡುಗು

ಮಿಕ್ಸರ್ ಹಾಕುವ ಪ್ಲಗ್‌ಪಾಯಿಂಟಿಗೆ ಅರ್ಥಿಂಗ್ ಇರಲೇಬೇಕು. ಹಳೆಯ ಮನೆಗಳಲ್ಲಿ ಮೂರು ತೂತಿನ ಪ್ಲಗ್ ಇದ್ದರೂ ಅರ್ಥ್ ತಂತಿ ಎಳೆದಿರುವುದಿಲ್ಲ. ಒದ್ದೆ ಕೈಯಲ್ಲಿ ಸ್ಟೀಲ್ ಬೌಲ್ ಮುಟ್ಟಿದಾಗ ಜುಮ್ ಎನ್ನುವುದು ಅದಕ್ಕೇ. ಮಳೆಗಾಲದಲ್ಲಿ ಸರಿಯಿದ್ದ ಅರ್ಥಿಂಗ್ ಮಾರ್ಚ್ ಹೊತ್ತಿಗೆ ಗುಂಡಿ ಒಣಗಿ ಕೈಕೊಡುವುದೂ ಉಂಟು. ಎಲೆಕ್ಟ್ರಿಷಿಯನ್ ಬಂದಾಗ ಬೇಸಿಗೆಯಲ್ಲೇ ಪರೀಕ್ಷೆ ಮಾಡಿಸಿ. 1,000 ವ್ಯಾಟ್ ಯಂತ್ರ ನಾಲ್ಕೂಕಾಲು ಆಂಪಿಯರ್ ಎಳೆಯುತ್ತದೆ, ಆರು ಆಂಪಿಯರ್ ಪ್ಲಗ್ ತಾಳುತ್ತದೆ. ಆದರೆ ಅದೇ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ ಅವನ್ ಕೂಡ ಇದ್ದರೆ ತಂತಿ ಕಾಯುತ್ತದೆ.

ಯುಪಿಎಸ್ ಮೇಲೆ ಓಡಿಸಬಹುದೇ? 900 ವಿಎ ಯುಪಿಎಸ್ ಕೊಡುವುದು ಏಳುನೂರು ವ್ಯಾಟಿನ ಆಸುಪಾಸು, ಮೋಟಾರು ಶುರುವಾಗುವ ಗಳಿಗೆಯಲ್ಲಿ ಬೇಡುವುದು ಅದರ ವ್ಯಾಟಿಗಿಂತ ಹೆಚ್ಚು. 300 ವ್ಯಾಟಿನ ಮಿಕ್ಸರ್, ಮನೆಯ ಕರೆಂಟಿನಂಥದ್ದೇ ಅಲೆ ಕೊಡುವ ಸೈನ್‌ವೇವ್ ಯುಪಿಎಸ್ ಮೇಲೆ ಓಡುತ್ತದೆ. ಸ್ಕ್ವೇರ್‌ವೇವ್ ಆದರೆ ಮೋಟಾರು ಗೊಯ್ ಎಂದು ಸದ್ದು ಮಾಡಿ ಬಿಸಿಯಾಗುತ್ತದೆ, ಬೇಡ.

ಜೂನಿನಿಂದ ಆಚೆಗೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ನಾದುವಾಗ ಕರೆಂಟ್ ಹೋದರೆ ಮೊದಲು ವೇಗದ ಗುಂಡಿಯನ್ನು ಸೊನ್ನೆಗೆ ತಿರುಗಿಸಿ, ಪ್ಲಗ್ ಕಿತ್ತುಬಿಡಿ. ಹಾಗೇ ಬಿಟ್ಟರೆ ಕೆಲವು ಯಂತ್ರಗಳು ಕರೆಂಟ್ ಬಂದೊಡನೆ ಬಿಟ್ಟ ವೇಗದಲ್ಲೇ ಎದ್ದು ಹಿಟ್ಟನ್ನು ಗೋಡೆಗೆ ಎರಚುತ್ತವೆ. ಯೀಸ್ಟ್ ಹಾಕಿದ ಹಿಟ್ಟಿಗೆ ಇದರಿಂದ ನಷ್ಟವಿಲ್ಲ. ಒದ್ದೆ ಬಟ್ಟೆ ಮುಚ್ಚಿಟ್ಟು ಕೈಯಿಂದ ಮುಗಿಸಿ. ಕೇಕಿನ ಹಿಟ್ಟಿಗೆ ನಷ್ಟವಿದೆ. ಮೈದಾ ಮತ್ತು ಬೇಕಿಂಗ್ ಪೌಡರ್ ಒದ್ದೆಯಾದ ಕ್ಷಣದಿಂದ ಗಾಳಿ ಹೊರಡುತ್ತಿರುತ್ತದೆ. ಕರೆಂಟ್ ಅವನ್ ಇದ್ದವರು ಮಳೆಗಾಲದಲ್ಲಿ ಅವನ್ ಪೂರ್ತಿ ಕಾದ ಮೇಲೆಯೇ ಮೈದಾ ಸೇರಿಸುವುದು ಕ್ಷೇಮ.

ಏಪ್ರಿಲ್, ಮೇ ತಿಂಗಳ ಸಿಡಿಲು ಮಳೆಗಿಂತ ಕೆಟ್ಟದ್ದು. ವೇಗವನ್ನು ಎಲೆಕ್ಟ್ರಾನಿಕ್ ಬೋರ್ಡಿನಿಂದ ನಿಯಂತ್ರಿಸುವ ಯಂತ್ರಗಳಲ್ಲಿ ಮೊದಲು ಹೋಗುವುದು ಆ ಬೋರ್ಡೇ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಹೊರಗಿರಬೇಕು.

ಮೊದಲ ದಿನ: ಬೀಟರಿನ ಎತ್ತರ

ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದು. ಬೌಲಿನ ತಳದಲ್ಲಿ ಒಂದು ರೂಪಾಯಿಯ ನಾಣ್ಯ ಹಾಕಿ, ಚಪ್ಪಟೆ ಬೀಟರ್ ಸಿಕ್ಕಿಸಿ, ಅತಿ ಕಡಿಮೆ ವೇಗದಲ್ಲಿ ಓಡಿಸಿ. ಬೀಟರ್ ಸುತ್ತಿ ಬಂದಾಗಲೆಲ್ಲ ನಾಣ್ಯ ಒಂದಿಷ್ಟು ಸರಿಯಬೇಕು. ಕದಲದಿದ್ದರೆ ಬೀಟರ್ ಮೇಲಿದೆ, ತಳದ ಬೆಣ್ಣೆ ಸಕ್ಕರೆ ಕಲೆಯದೆ ಉಳಿಯುತ್ತದೆ. ಬೀಟರಿನ ಜೊತೆಗೇ ನಾಣ್ಯ ಸುತ್ತು ಹೊಡೆದರೆ, ಟಕಟಕ ಸದ್ದು ಬಂದರೆ ತೀರಾ ಕೆಳಗಿದೆ, ಬೌಲಿಗೆ ಉಜ್ಜುತ್ತದೆ. ತಲೆ ಮಗುಚುವ ಜಾಗದ ಹತ್ತಿರ ಒಂದು ಸ್ಕ್ರೂ ಇರುತ್ತದೆ, ಇಲ್ಲವೇ ಬೀಟರಿನ ದಂಡದಲ್ಲೇ ನಟ್ ಇರುತ್ತದೆ. ಕಾಲು ಸುತ್ತು ತಿರುಗಿಸಿ, ಮತ್ತೆ ನೋಡಿ. ಇಂಥ ಹೊಂದಾಣಿಕೆಯೇ ಇಲ್ಲದ ಯಂತ್ರವಾದರೆ ಪ್ರತಿ ಎರಡು ನಿಮಿಷಕ್ಕೆ ನಿಲ್ಲಿಸಿ ತಳವನ್ನು ಸ್ಪ್ಯಾಚುಲಾದಿಂದ ಕೆರೆಯುವುದೊಂದೇ ದಾರಿ.

ಬೆಣ್ಣೆ ಕೇಕ್

ಚಪ್ಪಟೆ ಬೀಟರ್. ಬೆಣ್ಣೆ 200 ಗ್ರಾಂ, ಸಕ್ಕರೆ 200 ಗ್ರಾಂ, ಮೊಟ್ಟೆ 4, ಮೈದಾ 200 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಎರಡು ಕೊಡಗಿನ ಕಿತ್ತಳೆಯ ಸಿಪ್ಪೆಯ ತುರಿ, ಚಿಟಿಕೆ ಉಪ್ಪು. ಉಪ್ಪಿನ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಎಂಟು ಇಂಚಿನ ದುಂಡು ಟಿನ್ನಿಗೆ ಈ ಅಳತೆ.

ಬೆಣ್ಣೆ 18ರಿಂದ 20 ಡಿಗ್ರಿಯಲ್ಲಿರಬೇಕು: ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಬೆರಳಿಗೆ ಎಣ್ಣೆ ಹತ್ತಬಾರದು. ಪಾಕಪುಸ್ತಕಗಳು ಬೆಣ್ಣೆಯನ್ನು ಹೊರಗಿಟ್ಟರೆ ಸಾಕು ಎನ್ನುತ್ತವೆ. ಡಿಸೆಂಬರ್, ಜನವರಿಯ ಮಡಿಕೇರಿಯಲ್ಲಿ ರಾತ್ರಿಯಿಡೀ ಹೊರಗಿಟ್ಟರೂ ಅದು ಕಲ್ಲಿನಂತೆಯೇ ಇರುತ್ತದೆ. ಸಣ್ಣ ತುಂಡು ಮಾಡಿ, ಬೌಲನ್ನು ಬಿಸಿನೀರಿನಲ್ಲಿ ತೊಳೆದು ಒರೆಸಿ, ಅದರಲ್ಲಿ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಮೊಟ್ಟೆಯನ್ನೂ ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿ. ಕರಗಿದ ಬೆಣ್ಣೆ ಗಾಳಿ ಹಿಡಿಯುವುದಿಲ್ಲ, ಆದ್ದರಿಂದ ಒಲೆಯ ಮೇಲೆ ಇಡುವ ಆತುರ ಬೇಡ.

ನಮ್ಮ ಅಂಗಡಿಯ ಸಕ್ಕರೆ ಹರಳು ದೊಡ್ಡದು, ಬೆಣ್ಣೆಯಲ್ಲಿ ಬೇಗ ಕರಗದು. ಮಿಕ್ಸಿಯಲ್ಲಿ ಐದು ಸೆಕೆಂಡ್ ತಿರುಗಿಸಿ, ಸಣ್ಣ ರವೆಯ ಹಾಗಾದರೆ ನಿಲ್ಲಿಸಿ. ಪೂರ್ತಿ ಪುಡಿಯಾದರೆ ಅದೂ ಕೆಲಸಕ್ಕೆ ಬಾರದು, ಏಕೆಂದರೆ ಬೆಣ್ಣೆಯಲ್ಲಿ ಗಾಳಿಯ ಗೂಡು ಕೊರೆಯುವುದು ಹರಳಿನ ಅಂಚೇ.

ಹತ್ತು ವೇಗಗಳ ಯಂತ್ರದಲ್ಲಿ 4ರಲ್ಲಿಟ್ಟು ಐದು ನಿಮಿಷ. ನಡುವೆ ಎರಡು ಸಲ ನಿಲ್ಲಿಸಿ ಬದಿ, ತಳ ಕೆರೆಯಿರಿ. ಹಳದಿ ಬಣ್ಣ ಕೆನೆಬಣ್ಣಕ್ಕೆ ತಿರುಗಬೇಕು. ಕಿತ್ತಳೆ ತುರಿಯನ್ನು ಈ ಹಂತದಲ್ಲೇ ಹಾಕಿ, ಪರಿಮಳ ಬೆಣ್ಣೆಯಲ್ಲಿ ಇಳಿಯುತ್ತದೆ. ಮೊಟ್ಟೆ ಒಂದೊಂದಾಗಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ 40 ಸೆಕೆಂಡ್. ಮಿಶ್ರಣ ಒಡೆದ ಹಾಲಿನಂತಾದರೆ ಮೊಟ್ಟೆ ತಣ್ಣಗಿತ್ತು, ಇಲ್ಲವೇ ಅವಸರವಾಯಿತು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಬೌಲಿನ ಸುತ್ತ ಒಂದು ನಿಮಿಷ ಹಿಡಿದು, ಒಂದು ದೊಡ್ಡ ಚಮಚ ಮೈದಾ ಹಾಕಿ ತಿರುಗಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ.

ಉಳಿದ ಮೈದಾವನ್ನು ಬೇಕಿಂಗ್ ಪೌಡರ್ ಜೊತೆ ಜರಡಿ ಹಿಡಿದು, 1ನೇ ವೇಗದಲ್ಲಿ 20 ಸೆಕೆಂಡ್ ಮಾತ್ರ. ಇನ್ನೂ ಬಿಳಿ ಗೆರೆ ಕಾಣುತ್ತಿರುವಾಗಲೇ ನಿಲ್ಲಿಸಿ ಸ್ಪ್ಯಾಚುಲಾದಿಂದ ಮುಗಿಸಿ. ಸ್ಟ್ಯಾಂಡ್ ಮಿಕ್ಸರಿನಲ್ಲಿ ಕೇಕ್ ಕೆಡುವುದು ಹೆಚ್ಚಾಗಿ ಈ ಅರ್ಧ ನಿಮಿಷದಲ್ಲೇ. ಫೋನ್ ಬಂತೆಂದು ಬಿಟ್ಟು ಹೋದರೆ ಮೈದಾದ ಜಿಗುಟು ಬೆಳೆದು ಕೇಕಿನೊಳಗೆ ಉದ್ದುದ್ದ ಸುರಂಗ ಕೊರೆಯುತ್ತದೆ, ತಿನ್ನಲು ರಬ್ಬರು. ಕಾದ ಅವನ್ನಿನಲ್ಲಿ 170 ಡಿಗ್ರಿ, 45ರಿಂದ 50 ನಿಮಿಷ.

ಎತ್ತರದ ಮಾತು. ಮಡಿಕೇರಿ ಸಮುದ್ರಮಟ್ಟದಿಂದ ಸಾವಿರ ಮೀಟರ್ ದಾಟಿದ ಊರು. ಗಾಳಿಯ ಒತ್ತಡ ಕಡಿಮೆ, ನೀರು 97 ಡಿಗ್ರಿಯೊಳಗೇ ಕುದಿಯುತ್ತದೆ, ಕೇಕಿನೊಳಗಿನ ಗಾಳಿ ಹೆಚ್ಚು ಹಿಗ್ಗುತ್ತದೆ. ಉಬ್ಬಿ ನಡುವೆ ಕುಸಿಯುತ್ತಿದ್ದರೆ ಬೇಕಿಂಗ್ ಪೌಡರನ್ನು ಕಾಲು ಚಮಚ ಇಳಿಸಿ ನೋಡಿ. ಕುಶಾಲನಗರದ ಕಡೆ ಇದರ ಅಗತ್ಯ ಬೀಳುವುದು ಕಡಿಮೆ.

ಪ್ಲಮ್ ಕೇಕಿಗೂ ಇದೇ ಕ್ರಮ. ಆದರೆ ರಮ್ಮಿನಲ್ಲೋ ಮನೆಯ ವೈನಿನಲ್ಲೋ ನೆನೆದ ಹಣ್ಣನ್ನು ಕೊನೆಗೆ ಕೈಯಿಂದಲೇ ಬೆರೆಸಿ. ಬೀಟರಿಗೆ ಸಿಕ್ಕಿದ ದ್ರಾಕ್ಷಿ ನುರಿದು ಹಿಟ್ಟು ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ಬ್ರೆಡ್

ನಾದುವ ಕೊಕ್ಕೆ, ಅಂದರೆ ಹುಕ್, ಹಾಕಿ. ಮೈದಾ 500 ಗ್ರಾಂ, ನೀರು 300 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 5, ಉಪ್ಪು 9, ಸಕ್ಕರೆ 20, ಬೆಣ್ಣೆ 25 ಗ್ರಾಂ. ನೀರನ್ನೂ ತೂಕದಲ್ಲೇ ಅಳೆಯಿರಿ. ಮಳೆಗಾಲದಲ್ಲಿ ಮೈದಾ ಡಬ್ಬಿಯಲ್ಲೇ ತೇವ ಹೀರಿರುತ್ತದೆ, ಆದ್ದರಿಂದ ಜುಲೈಯಲ್ಲಿ 285 ಗ್ರಾಂ ನೀರು ಹಾಕಿ, ಬೇಕಾದರೆ ಉಳಿದದ್ದನ್ನು ಚಮಚದಲ್ಲಿ ಸೇರಿಸಿ.

ಬೌಲಿಗೆ ಮೊದಲು ನೀರು, ಮೇಲೆ ಮೈದಾ, ಯೀಸ್ಟ್, ಸಕ್ಕರೆ. ಮೈದಾ ಮೊದಲು ಹಾಕಿದರೆ ತಳದಲ್ಲಿ ಒಣ ಹಿಟ್ಟು ಕುಳಿತುಬಿಡುತ್ತದೆ. 1ನೇ ವೇಗದಲ್ಲಿ ಎರಡು ನಿಮಿಷ, ಆಮೇಲೆ ಮುಚ್ಚಿ 20 ನಿಮಿಷ ಬಿಡಿ. ಈ ಬಿಡುವಿನಲ್ಲಿ ಹಿಟ್ಟು ತಾನಾಗಿಯೇ ಅರ್ಧ ನಾದಿಕೊಳ್ಳುತ್ತದೆ, ಮೋಟಾರಿಗೂ ಕೆಲಸ ಕಡಿಮೆ. ಉಪ್ಪು ಹಾಕಿ 2ನೇ ವೇಗದಲ್ಲಿ ನಾಲ್ಕು ನಿಮಿಷ, ಬೆಣ್ಣೆ ಹಾಕಿ ಇನ್ನೂ ಮೂರು. ಹುಕ್ ಹಾಕಿದಾಗ 2ನೇ ವೇಗ ಮೀರಬೇಡಿ. ಮೇಲಿನ ವೇಗದಲ್ಲಿ ಗೇರ್ ಬೇಗ ಸವೆಯುತ್ತದೆ.

ಗಡಿಯಾರಕ್ಕಿಂತ ಹಿಟ್ಟನ್ನು ನಂಬಿ. ಲಿಂಬೆಗಾತ್ರ ತೆಗೆದು ಎರಡೂ ಕೈಯ ಬೆರಳಲ್ಲಿ ನಿಧಾನ ಹಿಗ್ಗಿಸಿ. ಹರಿಯದೆ, ಬೆಳಕು ಕಾಣುವಷ್ಟು ತೆಳುವಾದರೆ ಸಾಕು. ನಮ್ಮ ಸಾಧಾರಣ ಮೈದಾದಲ್ಲಿ ಪ್ರೋಟೀನ್ ಕಡಿಮೆ. ವಿದೇಶಿ ಪಾಕವಿಧಾನ ಹೇಳಿದಂತೆ 12 ನಿಮಿಷ ನಾದಿದರೆ ಹಿಟ್ಟು ಹದ ದಾಟಿ ಮತ್ತೆ ಅಂಟಂಟಾಗುತ್ತದೆ. ಹಾಗಾದ ಹಿಟ್ಟನ್ನು ಸರಿಪಡಿಸಲು ಬರುವುದಿಲ್ಲ. ತಟ್ಟೆಗೆ ಹರಡಿ, ಮೇಲೆ ಈರುಳ್ಳಿ, ಕಾಳುಮೆಣಸು ಹಾಕಿ ಚಪ್ಪಟೆ ಬ್ರೆಡ್ ಮಾಡಿ ತಿನ್ನಿ.

ಹಿಟ್ಟು ಹುಕ್ ಹತ್ತಿ ಮೇಲಕ್ಕೆ ಬಂದರೆ ನಿಲ್ಲಿಸಿ, ಇಳಿಸಿ, ಮುಂದುವರಿಸಿ. ಮತ್ತೆ ಮತ್ತೆ ಹತ್ತುತ್ತಿದ್ದರೆ ಬೌಲಿಗೆ ಹಿಟ್ಟು ಹೆಚ್ಚಾಗಿದೆ. ಮನೆಬಳಕೆಯ 5 ಲೀಟರ್ ಯಂತ್ರದಲ್ಲಿ ಒಂದು ಸಲಕ್ಕೆ 500ರಿಂದ 600 ಗ್ರಾಂ ಮೈದಾ ಇಟ್ಟುಕೊಂಡರೆ ಯಂತ್ರ ಬಹುಕಾಲ ಬಾಳುತ್ತದೆ. ಗೋಧಿ ಹಿಟ್ಟಾದರೆ ಇನ್ನೂ ಕಡಿಮೆ: ಅದು ನೀರು ಹೆಚ್ಚು ಕುಡಿದು ಗಟ್ಟಿಯಾಗುತ್ತದೆ. ಯಂತ್ರದ ತಲೆ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಟ್ಟರೆ ಅರ್ಧ ಗಂಟೆ ಬಿಡಿ.

ಕಲಸಿದ ಹಿಟ್ಟು 25 ಡಿಗ್ರಿ ಆಸುಪಾಸಿನಲ್ಲಿರಬೇಕು. ಯಂತ್ರದ ತಿಕ್ಕಾಟದಿಂದಲೂ ಬಿಸಿ ಸೇರುತ್ತದೆ. ಬೇಸಿಗೆಯಲ್ಲಿ ತಣ್ಣೀರು ಸಾಕು, ಚಳಿಗೆ 35 ಡಿಗ್ರಿಯ ನೀರು.

ವಿಸ್ಕ್ ಹಾಕಿದಾಗ

ಮೊಟ್ಟೆಯ ಬಿಳಿಭಾಗಕ್ಕೆ ಜಿಡ್ಡು ಶತ್ರು. ಬೌಲ್, ನೊರೆ ಕಡೆಯುವ ತಂತಿಗಳ ವಿಸ್ಕ್ ಎರಡನ್ನೂ ಲಿಂಬೆ ಹೋಳಿನಿಂದ ಒರೆಸಿ. ನಾಲ್ಕು ಬಿಳಿಭಾಗಕ್ಕೆ 200 ಗ್ರಾಂ ಪುಡಿಸಕ್ಕರೆ. 6ನೇ ವೇಗದಲ್ಲಿ ನೊರೆ ಬಂದು ಮೆತ್ತಗೆ ಬಾಗುವ ಶಿಖರ ನಿಂತ ಮೇಲೆ ಸಕ್ಕರೆಯನ್ನು ಚಮಚ ಚಮಚವಾಗಿ ಹಾಕಿ. ಬೆರಳ ನಡುವೆ ಉಜ್ಜಿದರೆ ಮರಳು ಹತ್ತಬಾರದು. ಜುಲೈ, ಆಗಸ್ಟಿನ ಆಟಿ ಮಳೆಯಲ್ಲಿ ಈ ನೊರೆಯನ್ನು ಬೇಯಿಸಿ ಮೆರಿಂಗ್ ಮಾಡುವ ಹಟ ಬೇಡ. ಸಕ್ಕರೆ ಗಾಳಿಯ ತೇವ ಹೀರಿ, ಬೇಯಿಸಿದ ಸಂಜೆಗೇ ಬೆವರುತ್ತದೆ.

ಕ್ರೀಮಿನ ಬಗ್ಗೆ ಒಂದೇ ಮಾತು: ಟೆಟ್ರಾ ಪ್ಯಾಕಿನ 25 ಪ್ರತಿಶತ ಕೊಬ್ಬಿನ ಕ್ರೀಮ್ ಎಷ್ಟು ಹೊತ್ತು ಕಡೆದರೂ ನಿಲ್ಲುವುದಿಲ್ಲ, ಅದು ಯಂತ್ರದ ದೋಷವಲ್ಲ. ಕೊಬ್ಬು ಕನಿಷ್ಠ 30 ಪ್ರತಿಶತ ಇರಬೇಕು.

ಕಾಫಿ ಬಟರ್‌ಕ್ರೀಮಿಗೆ ಫಿಲ್ಟರ್ ಡಿಕಾಕ್ಷನ್ ಹಾಕುವವರು ಮೊದಲ ಇಳಿತದ ಗಟ್ಟಿ ಡಿಕಾಕ್ಷನ್ನನ್ನೇ ತೆಗೆದುಕೊಳ್ಳಿ, ಪೂರ್ತಿ ಆರಿಸಿ. 250 ಗ್ರಾಂ ಬೆಣ್ಣೆಗೆ ಎರಡು ದೊಡ್ಡ ಚಮಚ ಮೀರಿದರೆ ನೀರು ಬಿಟ್ಟುಕೊಳ್ಳುತ್ತದೆ. ಹೆಚ್ಚು ಕಹಿ ಬೇಕಿದ್ದರೆ ಡಿಕಾಕ್ಷನ್ನನ್ನು ಕುದಿಸಿ ಅರ್ಧಕ್ಕೆ ಇಳಿಸಿ.

ಅಕ್ಕಿ ರೊಟ್ಟಿಗೂ ಬರುತ್ತದೆ

ಬೇಕಿಂಗ್ ಅಲ್ಲ, ಆದರೂ ಯಂತ್ರ ಹೆಚ್ಚು ದುಡಿಯುವುದು ಇಲ್ಲೇ ಆದೀತು. ಮೆತ್ತಗೆ ಬೆಂದ ಅನ್ನ ಎರಡು ಲೋಟ, ಅಕ್ಕಿ ಹಿಟ್ಟು ಒಂದೂವರೆ ಲೋಟ, ಉಪ್ಪು. ಅನ್ನ ಬೆಚ್ಚಗಿರುವಾಗಲೇ ಚಪ್ಪಟೆ ಬೀಟರಿನಲ್ಲಿ 2ನೇ ವೇಗದಲ್ಲಿ ಮೂರು ನಿಮಿಷ. ಹುಕ್ ಬೇಡ: ಅಕ್ಕಿಯಲ್ಲಿ ಮೈದಾದ ಜಿಗುಟು ಇಲ್ಲ, ಹುಕ್ ಮುದ್ದೆಯನ್ನು ಬೌಲಿನ ಸುತ್ತ ತಳ್ಳುತ್ತದೆಯೇ ಹೊರತು ಅನ್ನದ ಅಗುಳು ನುರಿಯುವುದಿಲ್ಲ. ಕೊನೆಯ ನಾದು ಕೈಯದ್ದೇ.

ಇಡುವುದು, ತೊಳೆಯುವುದು

ಬೀಟರ್ ಅಲ್ಯೂಮಿನಿಯಂ ಆಗಿದ್ದರೆ ಡಿಶ್‌ವಾಷರಿಗೆ ಹಾಕಬೇಡಿ, ಹುಣಸೆಹುಳಿಯಲ್ಲಿ ನೆನೆಸಬೇಡಿ. ಮೇಲ್ಮೈ ಬೂದಿಬಣ್ಣಕ್ಕೆ ತಿರುಗಿ ಕಪ್ಪು ಪುಡಿ ಬಿಡುತ್ತದೆ, ಅದು ಬಿಳಿ ಕ್ರೀಮಿಗೆ ಹತ್ತುತ್ತದೆ. ವಿಸ್ಕಿನ ತಂತಿಗಳು ಸೇರುವ ಬುಡದಲ್ಲಿ ನೀರು ನಿಲ್ಲುತ್ತದೆ. ತಂತಿ ಕೆಳಗಾಗಿ ಅಲ್ಲ, ತಂತಿ ಮೇಲಾಗಿಯೂ ಅಲ್ಲ, ಅಡ್ಡಲಾಗಿ ಬಟ್ಟೆಯ ಮೇಲಿಟ್ಟು ಒಣಗಿಸಿ.

ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಹಾಕಿದರೆ ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಹಳೆಯ ಹತ್ತಿ ಬಟ್ಟೆ ಹೊದಿಸಿ. ಬಳಸದ ವಾರದಲ್ಲೂ ಖಾಲಿ ಬೌಲಿನೊಂದಿಗೆ ಎರಡು ನಿಮಿಷ ನಿಧಾನವಾಗಿ ಓಡಿಸಿದರೆ ಮೋಟಾರಿನ ತೇವ ಆರುತ್ತದೆ, ಗಾಳಿಕಿಂಡಿಯಲ್ಲಿ ಮನೆ ಮಾಡಲು ಬಂದ ಜಿರಲೆಗಳೂ ಜಾಗ ಖಾಲಿ ಮಾಡುತ್ತವೆ. ಬೆಚ್ಚಗಿರಲಿ ಎಂದು ಸೌದೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಡಿ. ಮಸಿ ಗಾಳಿಕಿಂಡಿಯಿಂದ ಒಳಗಿಳಿದು ಗ್ರೀಸಿಗೆ ಅಂಟುತ್ತದೆ.

ಬಹಳ ದಿನ ಬಿಟ್ಟು ತೆಗೆದಾಗ ಬೀಟರ್ ಸಿಕ್ಕಿಸುವ ದಂಡದಿಂದ ಕಂದು ಎಣ್ಣೆ ತೊಟ್ಟಿಕ್ಕಿದರೆ ಗ್ರೀಸ್ ಬೇರ್ಪಟ್ಟಿದೆ ಎಂದರ್ಥ. ಒರೆಸಿ, ಖಾಲಿ ಓಡಿಸಿ. ನಿಲ್ಲದಿದ್ದರೆ ಹಳೆಯದನ್ನು ತೆಗೆಸಿ, ಆಹಾರಕ್ಕೆ ತಾಗಿದರೂ ಅಡ್ಡಿಯಿಲ್ಲದ ಫುಡ್‌ಗ್ರೇಡ್ ಗ್ರೀಸ್ ತುಂಬಿಸಬೇಕು. ಗಾಡಿಗೆ ಹಾಕುವ ಗ್ರೀಸ್ ಬೇಡ. ಮೋಟಾರಿನೊಳಗೆ ಕಿಡಿ ಹೆಚ್ಚಾಗಿ, ವೇಗ ಏರಿಳಿಯುತ್ತಿದ್ದರೆ ಹೆಚ್ಚಿನ ಸಲ ಸವೆದಿರುವುದು ಕಾರ್ಬನ್ ಬ್ರಷ್. ವಾರಂಟಿ ಮುಗಿದಿದ್ದರೆ ಅದಕ್ಕಾಗಿ ಮೈಸೂರಿಗೆ ಹೋಗಬೇಕಿಲ್ಲ. ಹಳೆಯ ಬ್ರಷ್ಷನ್ನು ಬಿಚ್ಚಿ ಅಳತೆಗೆ ಒಯ್ದರೆ ಮಿಕ್ಸಿ ರಿಪೇರಿಯವರು ಅದೇ ಗಾತ್ರದ್ದನ್ನು ಹುಡುಕಿ ಹಾಕಿಕೊಡುತ್ತಾರೆ. ಬ್ರಷ್ ಎರಡಿರುತ್ತವೆ, ಎರಡನ್ನೂ ಒಟ್ಟಿಗೇ ಬದಲಿಸಿ.